ಹತ್ತು ನಿಮಿಷದ ಹುಲ್ಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೇರೆಯವರ ಮೇಲೆ ಬಂದರೆ ನಾಲ್ಕು ಮಾತು ಬೈದು ಹಗುರಾಗುತ್ತೇನೆ. ಈಗ ಬಂದಿರುವುದು ನನ್ನ ಮೇಲೆಯೇ. ಅದನ್ನು ಎಲ್ಲಿ ತೀರಿಸಿಕೊಳ್ಳಬೇಕೋ ಗೊತ್ತಾಗದೆ ಇದನ್ನು ಬರೆಯುತ್ತಾ ಕೂತಿದ್ದೇನೆ.

ಹೆಸರು ಕವನ. ಮೊನ್ನೆ ಮೊನ್ನೆಯ ತನಕ ಕೆಲಸ, ಕೂತಲ್ಲೇ ಜಾಗ ತೋರಿಸುವುದು. ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಸಂಗಮಸಿರಿ ವಿಲ್ಲಾ ಪ್ಲಾಟ್ಸ್ ಅಂತ ಬೋರ್ಡು. ಕೊಳ್ಳುವವರು ಮಸ್ಕತ್ತು, ಟೊರಾಂಟೊ, ಆಕ್ಲೆಂಡಿನಲ್ಲಿ ಇರುವವರು. ಹೊರದೇಶದವರು ವ್ಯವಸಾಯದ ಜಮೀನು ಕೊಳ್ಳುವ ಹಾಗಿಲ್ಲ, ಆದ್ದರಿಂದ ನಮ್ಮ ಕಂಪನಿ ಜಮೀನು ತೆಗೆದುಕೊಂಡು, ಮನೆ ಕಟ್ಟುವ ಜಾಗವಾಗಿ ಅಲಿನೇಷನ್ ಮಾಡಿಸಿ, ಪ್ಲಾಟು ಹೊಡೆದು ಮಾರುತ್ತದೆ. ಅವರು ಜಾಗ ನೋಡಲು ಬರುವುದಿಲ್ಲ. ನಾನು ಕೋಲಿನ ಮೇಲೆ ಕ್ಯಾಮೆರಾ ನಿಲ್ಲಿಸಿ ನಾಲ್ಕು ದಿಕ್ಕು, ಮೇಲೆ ಆಕಾಶ, ಕೆಳಗೆ ನೆಲ ಎಲ್ಲವನ್ನೂ ಒಂದೇ ಏಟಿಗೆ ಹಿಡಿದು, ಹತ್ತಿಪ್ಪತ್ತು ಜಾಗದ್ದನ್ನು ಜೋಡಿಸಿ ಟೂರ್ ಮಾಡುತ್ತಿದ್ದೆ. ಅವರು ಅಲ್ಲೇ ಸೋಫಾದ ಮೇಲೆ ಕೂತು ಬೆರಳಲ್ಲಿ ಎಳೆದರೆ ನಮ್ಮ ಹೊಲ ತಿರುಗುತ್ತದೆ. ಅಲ್ಲಲ್ಲಿ ಬಿಳಿ ಚುಕ್ಕೆ ಇಟ್ಟಿರುತ್ತಿದ್ದೆ. ಒತ್ತಿದರೆ ಹೆಸರು ಬರುತ್ತದೆ. ಆ ಹೆಸರುಗಳೆಲ್ಲ ನಾನು ಇಟ್ಟದ್ದು. ಹುಣಸೆಮರಕ್ಕೆ ಹೆರಿಟೇಜ್ ಟ್ರೀ. ಮಳೆಗಾಲದಲ್ಲಿ ನಾಲ್ಕು ದಿನ ಹರಿಯುವ ಹಳ್ಳಕ್ಕೆ ಸೀಸನಲ್ ಸ್ಟ್ರೀಮ್. ಅದರಲ್ಲಿ ನನ್ನಷ್ಟು ಜಾಣೆ ಇಡೀ ತಾಲ್ಲೂಕಿನಲ್ಲಿ ಇಲ್ಲ ಅಂತ ಬೀಗುತ್ತಿದ್ದೆ.

ಮಾಲೀಕರು ಸಮೀರ ಅಂತ. ನರಸೀಪುರದ ದೇವಸ್ಥಾನದ ಬೀದಿಯವರು, ಅವರ ತಾತ ವೇದ ಪಾಠ ಹೇಳಿದವರಂತೆ. ಮಾತು ಬಹಳ ಮೃದು. ನನ್ನನ್ನು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. ಜಾತಿಯನ್ನೂ ಕೇಳಲಿಲ್ಲ. ಕೆಲಸಕ್ಕೆ ಸೇರಿದ ದಿನ ಮನೆ ವಿಳಾಸ ಕೇಳಿದರು, ಅಷ್ಟರಲ್ಲೇ ಅವರಿಗೆ ಗೊತ್ತಾಯಿತು.

ನಮ್ಮೂರು ಇರುವುದು ನಂಜನಗೂಡು ತಾಲ್ಲೂಕು, ಚಿಕ್ಕಯ್ಯನಛತ್ರದಿಂದ ಒಳಕ್ಕೆ. ನಮ್ಮ ಬೀದಿ ಊರಿನ ತುದಿಗೆ. ಬೀದಿ ಮುಗಿದ ಕೂಡಲೇ ಗುರುಮಲ್ಲಪ್ಪನವರ ಆರು ಎಕರೆ, ಅದರಾಚೆಗೆ ನಮ್ಮ ಸ್ಮಶಾನ. ನಡುವೆ ಆ ಹೊಲದಲ್ಲೇ ಹಾಯುವ ಒಂದು ದಾರಿ. ಸರ್ಕಾರದ ನಕಾಶೆಯಲ್ಲಿ ಅದಿಲ್ಲ. ಗುರುಮಲ್ಲಪ್ಪನವರ ಅಜ್ಜನ ಕಾಲದಿಂದ ನಮ್ಮವರು ನಡೆದೂ ನಡೆದೂ ಆದ ದಾರಿ. ಗುರುಮಲ್ಲಪ್ಪನವರು ಉಳುವಾಗ ಅಷ್ಟಗಲ ಬಿಟ್ಟೇ ಉಳುತ್ತಿದ್ದರು.

ದಾರಿಯ ಅರ್ಧದಲ್ಲಿ ಒಂದು ಚಪ್ಪಟೆ ಕಲ್ಲು. ಹೆಣ ಹೊತ್ತವರು ಅದರ ಮೇಲೆ ಚಟ್ಟ ಇಳಿಸಬೇಕು. ಅಲ್ಲಿಯ ತನಕ ಸತ್ತವರ ಮುಖ ಮನೆಯ ಕಡೆಗಿರುತ್ತದೆ. ಅಲ್ಲಿ ಹತ್ತಿರದವರು ಕಿವಿಯ ಬಳಿ ಬಗ್ಗಿ ಮೂರು ಸಲ ಕೂಗಿ ಕರೆಯುತ್ತಾರೆ. ಓಗೊಡದಿದ್ದರೆ ಚಟ್ಟದ ದಿಕ್ಕು ಬದಲಿಸಿ ಮುಂದಕ್ಕೆ ಹೊರುತ್ತಾರೆ. ಇಳಿಸದೆ ಒಯ್ದರೆ ಹೋದವರಿಗೆ ಹೋದದ್ದೇ ಗೊತ್ತಾಗುವುದಿಲ್ಲವಂತೆ. ಬೀದಿಯಲ್ಲಿ ಬುದ್ಧ ವಿಹಾರ ಕಟ್ಟಿದ ಮೇಲೆ ಎಷ್ಟೋ ಶಾಸ್ತ್ರ ಬಿಟ್ಟೆವು, ಹೆಣದ ಮುಂದೆ ಈಗ ಪಂಚಶೀಲ ಹೇಳುತ್ತೇವೆ. ಆ ಕಲ್ಲಿನ ಮೇಲೆ ಇಳಿಸುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ. ನಮ್ಮವ್ವನನ್ನು ಅದರ ಮೇಲೆ ಇಳಿಸಿದಾಗ ನಾನು ಸೆಕೆಂಡ್ ಪಿಯುಸಿ.

ಹೋದ ವರ್ಷ ಗುರುಮಲ್ಲಪ್ಪನವರು ಆ ಆರು ಎಕರೆಯನ್ನು ನಮ್ಮ ಕಂಪನಿಗೇ ಕೊಟ್ಟು ಮೈಸೂರು ಸೇರಿದರು. ಹೋಗುವಾಗ ನಮ್ಮಪ್ಪ ದೊಡ್ಡಮಾದಯ್ಯನಿಗೆ, "ನಿಮ್ ದಾರಿಗೇನೂ ತೊಂದ್ರೆ ಇಲ್ಲ ಮಾದಯ್ಯ, ಏಳಿದೀನಿ ಅವ್ರಿಗೆ" ಅಂದು ಹೋದರು. ಹೇಳಿದ್ದರೋ ಇಲ್ಲವೋ ದೇವರೇ ಬಲ್ಲ. ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ.

ಟೂರ್ ತೆಗೆಯುವ ಕೆಲಸ ನನಗೇ ಬಂತು. ನಾಲ್ಕೂ ಕಡೆ ನೋಡುವ ಕ್ಯಾಮೆರಾ ಆದ್ದರಿಂದ ತೆಗೆಯುವವಳೂ ಕಾಣದ ಹಾಗೆ ಅಡಗಬೇಕು, ಸುತ್ತ ಜನವೂ ಇರಬಾರದು. ಕೊಳ್ಳುವವರು ಬೆರಳಾಡಿಸಿದಾಗ ಜಾಗ ತಮಗಾಗಿಯೇ ಕಾದಿದೆ ಅಂತ ಅನ್ನಿಸಬೇಕು. ಅಪ್ಪ ಹಿಂದಿನ ಸಂಜೆಯೇ ಮನೆ ಮನೆಗೂ ಹೋಗಿ, "ನಾಳೆ ಒಂಬತ್ತರಿಂದ ಅತ್ತುಗಂಟೆ ಗಂಟ ಯಾರೂ ಈಚೆಗೆ ಬರ್ಬೇಡಿ ಕಣ್ರಪ್ಪ, ನಮ್ ಕೂಸು ಕ್ಯಾಮ್ರಾ ಇಡ್ತದೆ" ಅಂತ ಹೇಳಿ ಬಂದ. ಎಮ್ಮೆ, ಆಡು, ಮಕ್ಕಳು, ಎಲ್ಲರನ್ನೂ ಒಳಗೆ ಕೂಡಿಕೊಂಡರು. ನನಗಾಗಿ.

ಮಂಚಮ್ಮತ್ತೆ ಮಾತ್ರ ಬೆಳಗ್ಗೆ ಆರಕ್ಕೇ ಎದ್ದು ದಾರಿ ಗುಡಿಸುತ್ತಿದ್ದಳು. ಅಪ್ಪನ ಅಕ್ಕ ಅವಳು. ಅವ್ವ ಹೋದ ಮೇಲೆ ನನಗೆ ಬುತ್ತಿ ಕಟ್ಟಿ ಕಾಲೇಜಿಗೆ ಕಳಿಸಿದವಳು. ಆ ಸೊಂಟ ಹಿಡಿದುಕೊಂಡು ಇನ್ನೂರು ಮಾರು ಗುಡಿಸಿ, ಕಲ್ಲಿಗೆ ನೀರು ಹಾಕಿ ತಿಕ್ಕಿ ತೊಳೆದಿದ್ದಳು.

"ಯಾಕತ್ತೆ ಇದೆಲ್ಲ?" ಅಂದೆ.

"ಫಾರಿನ್ನವ್ರು ನೋಡ್ತಾರಂತಲ್ಲ. ನಮ್ ದಾರಿ ಚಂದಾಗ್ ಕಾಣ್ಲಿ ಅಂತ ಕಣ್ ಕೂಸೆ" ಅಂದಳು.

ಚೆನ್ನಾಗಿಯೇ ಕಂಡಿತು. ಆಫೀಸಿನಲ್ಲಿ ತೆರೆದಾಗ ಹಸಿರಿನ ನಡುವೆ ಕೆಂಪು ದಾರಿ ಗೆರೆ ಎಳೆದ ಹಾಗೆ ಎದ್ದು ಕಾಣುತ್ತಿತ್ತು. ಸಮೀರ ಅವರು ನನ್ನ ಕುರ್ಚಿಯ ಹಿಂದೆ ನಿಂತು ನೋಡಿದರು.

"ಈ ದಾರಿ ಯಾಕೋ ಕಣ್ಣಿಗೆ ಹೊಡೆಯುತ್ತೆ ಕವನ ಅವರೇ. ದಾರಿ ಕಂಡರೆ ಯಾರು ಓಡಾಡ್ತಾರೆ ಅಂತ ಕೇಳ್ತಾರೆ. ಕ್ಲೀನ್ ಮಾಡಿಬಿಡಿ."

"ಸರ್, ಅದು ನಮ್ಮ ಬೀದಿಯವರು ಸ್ಮಶಾನಕ್ಕೆ ಹೋಗೋ ದಾರಿ."

"ಗೊತ್ತು. ನೆಲದ ಮೇಲಿನ ದಾರಿಯನ್ನ ಯಾರು ಮುಟ್ಟುತ್ತಾರೆ? ಚಿತ್ರದಲ್ಲಿ ಮಾತ್ರ. ಆ ಕಲ್ಲು ಚೆನ್ನಾಗಿದೆ, ಇರಲಿ. ಅದಕ್ಕೊಂದು ಒಳ್ಳೆ ಹೆಸರು ಕೊಡಿ."

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಕೆಲಸ ಹೋಗುತ್ತದೆ ಅಂತ ಹೆದರಿ ಸುಮ್ಮನಾದೆ ಅಂತ ಹೇಳಿದರೆ ನೀವು ನಂಬುತ್ತೀರಿ, ಆದರೆ ಅದು ಸುಳ್ಳು. ಅವರು ಹಿಂದೆ ನಿಂತು ನೋಡುತ್ತಿದ್ದರು, ಎಷ್ಟು ನೀಟಾಗಿ ಮಾಡುತ್ತೇನೆ ಅಂತ ತೋರಿಸುವ ಚಪಲ ನನಗೆ. ಪಕ್ಕದ ಹುಲ್ಲನ್ನೇ ಎತ್ತಿ ದಾರಿಯ ಮೇಲೆ ಹೊದಿಸಿದೆ. ನೆರಳು ಸರಿ ಮಾಡಿದೆ. ಹತ್ತು ನಿಮಿಷ ಹಿಡಿಯಿತು. ಕಲ್ಲಿನ ಮೇಲೆ ಬಿಳಿ ಚುಕ್ಕೆ ಇಟ್ಟು ಮೆಡಿಟೇಶನ್ ಸ್ಟೋನ್ ಅಂತ ಬರೆದೆ. ನಮ್ಮವ್ವನನ್ನು ಮಲಗಿಸಿದ ಕಲ್ಲಿಗೆ ಹಾಗಂತ ಬರೆದು, ಸ್ಪೆಲ್ಲಿಂಗ್ ಸರಿಯಿದೆಯಾ ಅಂತ ನೋಡಿದೆ. ಸಮೀರ ಅವರು ಸೂಪರ್ ಅಂದರು, ನನಗೆ ಖುಷಿಯಾಯಿತು. ಸಂಜೆ ಊರಿಗೆ ಬಂದು ನೋಡಿದರೆ ದಾರಿ ಅಲ್ಲೇ ಇತ್ತು, ಏನು ಕಳೆದುಹೋಯಿತು ಅಂತ ಸಮಾಧಾನ ಮಾಡಿಕೊಂಡೆ.

ಅದಾಗಿ ನಾಲ್ಕನೇ ದಿನಕ್ಕೆ ವಿಹಾರದ ಜಗುಲಿಯ ಮೇಲೆ ಬೀದಿಯವರೆಲ್ಲ ಸೇರಿದರು. ನಮ್ಮ ಬೀದಿಯ ಸೋಮಶೇಖರ್ ಹೈಸ್ಕೂಲು ಮೇಷ್ಟ್ರು. ಅವರು ಒಂದು ಅರ್ಜಿ ಬರೆದುಕೊಂಡು ಬಂದಿದ್ದರು. ಲೇಔಟ್ ಆಗುವ ಮುಂಚೆ ತಕರಾರು ಹಾಕಿ ದಾರಿಯನ್ನು ದಾಖಲೆಗೆ ಹತ್ತಿಸಬೇಕು, ಆಮೇಲೆ ಬಾಯಿ ಬಡಿದುಕೊಂಡರೆ ಯಾರೂ ಕೇಳುವುದಿಲ್ಲ ಅಂತ ಅವರ ಮಾತು. ಎಲ್ಲರೂ ಸಹಿ ಹಾಕಲು ಎದ್ದರು. ಆಗ ಅಪ್ಪ ಕೈ ಅಡ್ಡ ಹಿಡಿದ.

"ಅರ್ಜಿ ಯಾಕ್ ಮೇಷ್ಟ್ರೆ? ಅರ್ಜಿ ಕೊಟ್ರೆ ತಾಲ್ಲೂಕ್ ಆಫೀಸ್ನವ್ರು ಬಂದು ನೋಡ್ಬೇಕು, ಬರ್ಕೊಬೇಕು, ಅದಾದ್ರೂ ಆಯ್ತದೋ ಇಲ್ವೋ. ನನ್ ಮಗಳು ನಾಕೂ ಕಡೆಯಿಂದ ದಾರಿ ತಗ್ದವ್ಳೆ. ದೇಸ ದೇಸದವ್ರು ನೋಡವ್ರೆ. ಇಷ್ಟು ಜನ ನೋಡಿರೋ ದಾರಿಯ ನಾಳಿಕ್ಕೆ ಇಲ್ಲ ಅನ್ನಕಾದದಾ?"

ಸೋಮಶೇಖರ್ ಮೇಷ್ಟ್ರು ನನ್ನ ಕಡೆ ತಿರುಗಿ, "ದಾರಿ ಬಂದಿದೆ ತಾನೆ ಕವನ ಅದರಲ್ಲಿ?" ಅಂದರು.

ನಾನು ಕಾಫಿ ಲೋಟ ಹಿಡಿದುಕೊಂಡು ಕಂಬಕ್ಕೆ ಒರಗಿ ಕೂತಿದ್ದೆ. ಎಪ್ಪತ್ತು ಎಂಬತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ಅಪ್ಪನ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಡಿಗ್ರಿ ಮುಗಿಸಿದಾಗಲೂ ನೋಡಿರಲಿಲ್ಲ.

"ತೆಗೆದಿದ್ದೀನಿ ಮೇಷ್ಟ್ರೆ" ಅಂದೆ.

ತೆಗೆದಿದ್ದಂತೂ ನಿಜ. ಅಳಿಸಿದೆ ಅಂತ ಹೇಳಲಿಲ್ಲ, ಅಷ್ಟೆ. ಅರ್ಜಿಯನ್ನು ಮಡಚಿ ಮೇಷ್ಟ್ರು ಜೇಬಿಗಿಟ್ಟುಕೊಂಡರು. ಅಲ್ಲಿಂದ ಎದ್ದು ಮನೆಗೆ ಬರುವ ತನಕ ಎಷ್ಟು ಸಲ ಬಾಯಿ ತೆರೆಯಬಹುದಿತ್ತು ಅಂತ ಈಗ ಲೆಕ್ಕ ಹಾಕುತ್ತೇನೆ. ಹಾಳು ಬಾಯಿ, ಬೇಕಾದಾಗ ಬರಲಿಲ್ಲ.

ಕಲ್ಲಿರುವ ಪ್ಲಾಟನ್ನು ಕೊಂಡವರು ಆಕ್ಲೆಂಡಿನ ವಿಭಾ ಮೇಡಂ. ಚಿಕ್ಕವರಿದ್ದಾಗ ನಂಜನಗೂಡಿನಲ್ಲಿ ಅಜ್ಜಿಯ ಮನೆಗೆ ರಜಕ್ಕೆ ಬರುತ್ತಿದ್ದರಂತೆ. ಒಳ್ಳೆಯ ಹೆಂಗಸು, ಅದನ್ನು ಹೇಳಲೇಬೇಕು. ಮೂರು ಸಲ ಟೂರ್ ನೋಡಿ, ನಾಲ್ಕನೇ ಸಲ ನನ್ನನ್ನು ವೀಡಿಯೊ ಕಾಲಿಗೆ ಕರೆದರು.

"ಕವನ, ಆ ಕಲ್ಲು ಎಷ್ಟು ನುಣುಪಾಗಿದೆ ಅಲ್ವಾ? ಯಾರಾದ್ರೂ ಅಲ್ಲಿ ಕೂರ್ತಿದ್ರಾ?"

"ಹಿಂದೆ ಹಿರಿಯರು ಧ್ಯಾನ ಮಾಡ್ತಿದ್ರಂತೆ ಮೇಡಂ."

"ನನಗೆ ಅನ್ನಿಸ್ತು. ನೋಡಿದ ಕೂಡಲೇ ಏನೋ ಶಾಂತಿ. ನಾನು ರಿಟೈರ್ ಆಗಿ ಬಂದು ದಿನಾ ಅಲ್ಲೇ ಯೋಗ ಮಾಡ್ತೀನಿ."

ರಿಜಿಸ್ಟ್ರೇಷನ್ ಆದ ಮೇಲೆ ಅವರು ಕೇಳಿದ್ದು ಒಂದೇ. ಟೂರಿನಲ್ಲಿ ಹೇಗಿತ್ತೋ ಜಾಗ ಹಾಗೇ ಇರಬೇಕು, ಒಂದು ಕಲ್ಲನ್ನೂ ಅಲುಗಿಸಬಾರದು. ನೋಡಿದ್ದಕ್ಕೂ ಸಿಕ್ಕಿದ್ದಕ್ಕೂ ವ್ಯತ್ಯಾಸ ಬಂದರೆ ನಾಳೆ ಕೊಂಡವರು ಕೋರ್ಟಿಗೆ ಹೋಗುತ್ತಾರೆ ಅಂತ ಸಮೀರ ಅವರಿಗೆ ಭಯ. ಅವರು ನನ್ನ ಟೂರನ್ನೇ ತೆರೆದಿಟ್ಟುಕೊಂಡು ಜೆಸಿಬಿಯವನಿಗೆ ತೋರಿಸಿದರು. ನಮ್ಮವರು ಕಾಲಿನಲ್ಲಿ ಮಾಡಿದ ದಾರಿಯನ್ನು ಅವನು ಅರ್ಧ ದಿನದಲ್ಲಿ ಸಮ ಮಾಡಿದ. ಅದರ ಮೇಲೆ ಲಾರಿಯಲ್ಲಿ ಹುಲ್ಲಿನ ಹಾಸು ತಂದು ಹೊದಿಸಿದರು, ನಾನು ಎಲ್ಲೆಲ್ಲಿ ಹೊದಿಸಿದ್ದೆನೋ ಅಲ್ಲೆಲ್ಲ. ಸುತ್ತ ಕಾಂಪೌಂಡು ಎದ್ದಿತು, ನಮ್ಮ ಬೀದಿಯ ಕಡೆಗೆ ಒಂದು ಗೇಟು. ಗೇಟಿಗೆ ವಾಚ್‌ಮನ್ ಆಗಿ ಸೇರಿದವನು ನಮ್ಮ ಬೀದಿಯ ಮಾರಯ್ಯ.

"ಗೇಟ್ ಮಡ್ಗವ್ರೆ ಅಂದ್ರೆ ತಗೀತಾರೆ ಅಂತ ತಾನೆ ಅರ್ಥ. ಅಲ್ಲಿ ನಮ್ ಮಾರಯ್ಯನೇ ಅವ್ನೆ" ಅಂತ ಅಪ್ಪ ಎಲ್ಲರಿಗೂ ಧೈರ್ಯ ಹೇಳಿದ. ಬೀದಿಯಲ್ಲಿ ಆರು ತಿಂಗಳು ಯಾರೂ ಸಾಯಲಿಲ್ಲ. ನಾನು ಮನಸ್ಸಿನಲ್ಲೇ ಯಾರೂ ಸಾಯದಿರಲಿ ಅಂತ ಬೇಡುತ್ತಿದ್ದೆ. ಹಾಗೆ ಬೇಡುವುದಕ್ಕೂ ಒಂದು ಯೋಗ್ಯತೆ ಬೇಕು.

ಮಂಚಮ್ಮತ್ತೆ ಹೋದದ್ದು ಒಂದು ಮಂಗಳವಾರ ಬೆಳಗಿನ ಜಾವ, ಮಲಗಿದ್ದಲ್ಲೇ. ಹತ್ತೂವರೆಗೆ ಎತ್ತಿದರು. ತಮಟೆಯವರು ಮುಂದೆ, ಅಪ್ಪ ಮುಂದಿನ ಬಲಗಡೆಯ ಹೆಗಲು ಕೊಟ್ಟಿದ್ದ. ಹಿಂದೆ ಅತ್ತೆಯ ಮಗಳು ರೋಜಾ, ಅವಳ ಪಕ್ಕ ನಾನು. ಗೇಟಿನ ಹತ್ತಿರ ಬಂದಾಗ ಮಾರಯ್ಯ ನೀಲಿ ಅಂಗಿ ತೊಟ್ಟು ಕಂಬಿ ಹಿಡಿದು ನಿಂತಿದ್ದ. ಅವನ ಕಣ್ಣು ಆಗಲೇ ಕೆಂಪಾಗಿತ್ತು.

"ತಗೀಲಾ ಮಾರಯ್ಯ" ಅಂದ ಅಪ್ಪ.

"ನಾನೇನ್ ಮಾಡ್ಲಿ ಭಾವ. ಓನರ್ ಒಪ್ದೆ ತಗ್ದ್ರೆ ನನ್ ಕೆಲ್ಸ ಓಯ್ತದೆ. ಒಂದ್ ಮಾತು ಕೇಳ್ಬುಡಿ. ಕವನವ್ವ, ನೀನೇ ಕೇಳವ್ವ."

ನಾನು ಸಮೀರ ಅವರಿಗೆ ಫೋನ್ ಮಾಡಿದೆ. ಕಲ್ಲಿರುವ ಪ್ಲಾಟು ಈಗ ವಿಭಾ ಮೇಡಂ ಅವರದು, ಅದರ ಮೇಲೆ ಹಾಯಬೇಕಾದರೆ ಅವರೇ ಹೇಳಬೇಕು ಅಂತ ಮೇಡಂ ಅವರನ್ನೂ ವೀಡಿಯೊದಲ್ಲಿ ಸೇರಿಸಿದರು. ಅಲ್ಲಿ ಸಂಜೆ. ಮೇಡಂ ಅಡಿಗೆಮನೆಯಲ್ಲಿದ್ದರು. ಅಪ್ಪ ಹೆಗಲನ್ನು ಇನ್ನೊಬ್ಬರಿಗೆ ಕೊಟ್ಟು ಬಂದು ಫೋನಿನ ಮುಂದೆ ಟವೆಲ್ಲು ತೆಗೆದು ಕೈ ಮುಗಿದ.

"ನಮ್ಮಕ್ಕ ತೀರೋಗವ್ಳೆ ತಾಯಿ. ಇಲ್ಲಿ ನಮ್ದೊಂದು ದಾರಿ ಅದೆ. ಅಷ್ಟು ಬುಟ್ರೆ ಸಾಕು."

"ಅಯ್ಯೋ ಪಾಪ, ಹೀಗಾಗಬಾರದಿತ್ತು" ಅಂದರು ಮೇಡಂ. ನಿಜವಾಗಿಯೂ ನೊಂದುಕೊಂಡೇ ಅಂದರು. "ಆದ್ರೆ ಯಜಮಾನ್ರೇ, ಅಲ್ಲಿ ದಾರಿ ಇರಲಿಲ್ಲ. ನಾನು ಇಂಚಿಂಚೂ ನೋಡಿದ್ದೀನಿ. ಇದ್ದಿದ್ರೆ ನಾನು ತಗೋತಾನೇ ಇರ್ಲಿಲ್ಲ, ನಿಮಗೆ ಯಾಕೆ ತೊಂದ್ರೆ ಕೊಡಲಿ? ಇವತ್ತು ಬಿಟ್ರೆ ನಾಳೆ ಎಲ್ಲರೂ ದಾರಿ ಅಂತಾರೆ. ಕವನ, ನೀವೇ ಅಲ್ವಾ ತೋರಿಸಿದ್ದು? ನೀವೇ ಹೇಳಿ ಅವರಿಗೆ."

ಅಪ್ಪನ ಮುಖ ಅರಳಿತು. ಹೆಣ ಹಿಂದೆ ಇಟ್ಟುಕೊಂಡು ನಿಂತವನ ಮುಖ ಹಾಗೆ ಅರಳಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

"ಅದೇ ತಾಯಿ, ನನ್ ಮಗಳೇ ತಗ್ದಿರೋದು. ತಾಳಿ, ತೋರುಸ್ತಾಳೆ. ತಗಿ ಕೂಸು, ತೋರ್ಸು ನಮ್ ದಾರಿಯ."

ನೆಟ್ ಇಲ್ಲ ಅನ್ನಬಹುದಿತ್ತು. ಆದರೆ ಮೇಡಂ ಮಾತು ಕಂಚಿನ ಗಂಟೆಯ ಹಾಗೆ ಕೇಳುತ್ತಿತ್ತು. ಮಾರಯ್ಯನ ಫೋನಿನಲ್ಲಿ ಟೂರ್ ತೆರೆದು ಅಪ್ಪನ ಕೈಗೆ ಕೊಟ್ಟೆ. ಅವನಿಗೆ ಅದನ್ನು ತಿರುಗಿಸುವುದು ನಾನೇ ಕಲಿಸಿದ್ದೆ, ಬೇರೆ ಊರಿನ ಜಾಗಗಳನ್ನು ಸಂಜೆ ಹೊತ್ತು ನೋಡಿ ಖುಷಿ ಪಡುತ್ತಿದ್ದ, ನಮ್ಮೂರಿನದನ್ನು ಮಾತ್ರ ನಾನು ತೋರಿಸಿರಲಿಲ್ಲ. ತೋರುಬೆರಳಿನಲ್ಲಿ ಮೆಲ್ಲಗೆ ಎಳೆದ. ಹುಣಸೆಮರ ಬಂತು. ನಮ್ಮ ಬೀದಿಯ ನೀರಿನ ಟ್ಯಾಂಕು ಬಂತು. ಕಲ್ಲು ಬಂತು. ಮತ್ತೆ ಒಂದು ಸುತ್ತು ಎಳೆದ. ಆಕಾಶ ನೋಡಿದ, ಕೆಳಗೆ ನೋಡಿದ. ಮೂರನೇ ಸುತ್ತಿಗೆ ಬೆರಳು ನಿಂತಿತು.

"ಎಲ್ಲ ಅದೆ. ದಾರಿ ಒಂದಿಲ್ಲ" ಅಂದ.

ಅವನು ಫೋನನ್ನು ಎದೆಗೆ ಒತ್ತಿಕೊಂಡು, ಬೇರೆಯವರಿಗೆ ಕೇಳದ ಹಾಗೆ ನನ್ನ ಹತ್ತಿರ ಸರಿದ.

"ಇದ್ರಲ್ಲಿ ಅಳ್ಸಕ್ಕೆ ಆಯ್ತದಾ ಕೂಸು?"

"ಆಯ್ತದೆ ಅಪ್ಪ."

"ಅಳ್ಸದು ಯಾರು, ನೀನೇಯಾ?"

"ಊಂ."

"ಎಷ್ಟೊತ್ತು ಇಡೀತು?"

"ಹತ್ತು ನಿಮಿಷ."

ಅಪ್ಪ ತಲೆಯಾಡಿಸಿದ. ಕೆಲಸದ ವಿಷಯ ಏನೋ ಕೇಳಿ ತಿಳಿದುಕೊಂಡವನ ಹಾಗೆ. ಬೈದಿದ್ದರೆ, ಎಲ್ಲರ ಎದುರಿಗೆ ಕೆನ್ನೆಗೆ ಎರಡು ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಫೋನನ್ನು ಮಾರಯ್ಯನಿಗೆ ಕೊಟ್ಟು, ಮೇಡಂಗೆ, "ಆಗ್ಲಿ ತಾಯಿ, ನೀವೇಳದು ನಿಜ, ಇದ್ರಲ್ಲಿ ದಾರಿ ಇಲ್ಲ" ಅಂದು, ಜನರ ಕಡೆ ತಿರುಗಿದ.

"ನಡೀರ್ಲಾ. ರೋಡ್ ಮ್ಯಾಲೆ ಓಗವ."

ಕಾಂಪೌಂಡು ಸುತ್ತಿ ಟಾರು ರಸ್ತೆಯಲ್ಲಿ ಹೋದರೆ ಸ್ಮಶಾನಕ್ಕೆ ಮೂರು ಕಿಲೋಮೀಟರು. ಜಲ್ಲಿ ಟಿಪ್ಪರುಗಳು ಹಾರನ್ ಹೊಡೆಯುತ್ತಾ ಪಕ್ಕದಲ್ಲೇ ಹೋಗುತ್ತಿದ್ದವು. ಅರ್ಧ ದಾರಿ ಬಂದಾಗ ಎಲ್ಲಿ ಇಳಿಸುವುದು ಅಂತ ಯಾರಿಗೂ ತೋಚಲಿಲ್ಲ. ಕೊನೆಗೆ ಒಂದು ಮೋರಿಯ ಕಟ್ಟೆಯ ಮೇಲೆ ಇಳಿಸಿದರು. ಕಟ್ಟೆ ಅಗಲ ಸಾಲದೆ ಚಟ್ಟ ವಾಲಿತು, ನಾಲ್ಕು ಜನ ಹಿಡಿದುಕೊಂಡರು. ರೋಜಾ ಬಗ್ಗಿ, "ಅವ್ವೋ, ಅವ್ವೋ, ಅವ್ವೋ" ಅಂತ ಕೂಗಿದಳು. ಮೂರನೇ ಸಲದ್ದು ಟಿಪ್ಪರಿನ ಸದ್ದಿನಲ್ಲಿ ನನಗೇ ಕೇಳಲಿಲ್ಲ, ಪಕ್ಕದಲ್ಲೇ ಇದ್ದೆ.

ಅಪ್ಪ ಯಾರಿಗೂ ಏನೂ ಹೇಳಲಿಲ್ಲ. ಮನೆಯಲ್ಲಿ ನನ್ನ ಜೊತೆಗೂ ಆ ಮಾತು ಎತ್ತಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ನಾನು ಕೆಲಸ ಬಿಟ್ಟೆ ಅಂತ ಹೇಳಿದಾಗ, "ಬುಟ್ರೆ ಬುಡು" ಅಂದ.

ಹನ್ನೊಂದನೇ ದಿನ ತಿಥಿ. ಅತ್ತೆಯ ಮನೆಯ ಮುಂದೆ ಶಾಮಿಯಾನ ಹಾಕಿ ಬೀದಿಯವರೆಲ್ಲ ಪಂಕ್ತಿಗೆ ಕೂತಿದ್ದರು. ಮಾತು ದಾರಿಗೇ ಬಂತು. ಸೋಮಶೇಖರ್ ಮೇಷ್ಟ್ರು, "ಕವನ ತೆಗೆದಾಗ ದಾರಿ ಬಂದೇ ಇತ್ತು. ಆಮೇಲೆ ಆಫೀಸಿನಲ್ಲಿ ಯಾರೋ ಅಳಿಸಿದ್ದಾರೆ, ಕಂಪ್ಯೂಟರ್‌ನಲ್ಲಿ ಅದೆಲ್ಲ ಆಗುತ್ತೆ" ಅಂತ ಎಲ್ಲರಿಗೂ ಬಿಡಿಸಿ ಹೇಳಿದರು. ಪಾಪದ ಹುಡುಗಿ, ಇವಳ ಕೆಲಸವನ್ನೂ ಹಾಳು ಮಾಡಿದರು ಅಂತ ಯಾರೋ ನನ್ನ ಪರ ಮರುಗಿದರು. ನಾನು ಎಲೆ ನೋಡುತ್ತಾ ಕೂತಿದ್ದೆ.

ಬಡಿಸುತ್ತಿದ್ದ ರೋಜಾಗೆ ತಡೆಯಲಾಗಲಿಲ್ಲ. ಅನ್ನದ ಬುಟ್ಟಿ ಕೆಳಗಿಟ್ಟು, ಅಂಗಳದಿಂದ ಒಂದು ಹಿಡಿ ಮಣ್ಣು ಬಾಚಿಕೊಂಡು ಬೀದಿಗೆ ನಿಂತಳು. ನಮ್ಮಲ್ಲಿ ಮಣ್ಣು ತೂರಿ ಹಾಕಿದ ಶಾಪ ತಟ್ಟದೆ ಹೋಗುವುದಿಲ್ಲ ಅಂತ ಎಲ್ಲರ ಎದೆಯಲ್ಲೂ ಇದೆ, ಪಂಚಶೀಲ ಹೇಳುವವರ ಎದೆಯಲ್ಲೂ.

"ನಮ್ಮವ್ವುನ್ನ ಮೋರಿ ಮ್ಯಾಲೆ ಇಳ್ಸಂಗ್ ಮಾಡುದ್ನಲ್ಲ, ಯಾವ್ ಕೈ ಅಳ್ಸ್ತೋ ಆ ಕೈ ಸೇದೋಗ್ಲಿ, ಆ ಮನೇಲಿ ದೀಪ—"

ಅಷ್ಟರಲ್ಲಿ ಅಪ್ಪ ಎಲೆಯ ಮುಂದಿನಿಂದ ಎದ್ದು ಹೋಗಿ ಎಂಜಲು ಕೈಯಲ್ಲೇ ಅವಳ ಮಣಿಕಟ್ಟು ಹಿಡಿದುಕೊಂಡಿದ್ದ.

"ಬಾಯ್ಗ್ ಬಂದಂಗ್ ಬಯ್ಯಿ ರೋಜವ್ವ, ನಾನ್ ಬ್ಯಾಡ ಅನ್ನಲ್ಲ. ಮಣ್ ಮಾತ್ರ ತೂರ್ಬ್ಯಾಡ ಕಣವ್ವ" ಅಂದ. "ಅವಳ್ಗಿನ್ನೂ ಮದ್ವೆ ಆಗ್ಬೇಕು."

ಪಂಕ್ತಿಯಲ್ಲಿ ಯಾರೂ ಎಲೆಗೆ ಕೈ ಹಾಕಲಿಲ್ಲ. ರೋಜಾ ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಮುಷ್ಟಿಯ ಮಣ್ಣನ್ನು ಅಲ್ಲೇ ಕೆಳಕ್ಕೆ ಬಿಟ್ಟು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಬುಟ್ಟಿ ಎತ್ತಿಕೊಂಡು ನನ್ನ ಎಲೆಗೆ ಅನ್ನ ಬಡಿಸಿದಳು. ಎಲ್ಲರೂ ನೋಡುತ್ತಿದ್ದರು. ನಾನು ಉಂಡೆ.